ಹಳೆಯ ಬಂಡಿಗೆ ಹೊಸ ಮುಳ್ಳುಗಳು

ಯಂತ್ರವೆಂಬ ಶಬ್ದವೂ ಯಂತೃವೆಂಬ ಶಬ್ದವೂ ಒಂದೇ ಧಾತುವಿನ ಮಕ್ಕಳು. ‘ಯಮ್’ ಎಂದರೆ ಹಿಡಿತದಲ್ಲಿಡುವುದು. ಹಿಡಿತದಲ್ಲಿಡುವ ಸಾಧನವು ಯಂತ್ರವಾದರೆ, ರಥವನ್ನಾಗಲಿ ಆನೆಯನ್ನಾಗಲಿ ಹಿಡಿತದಲ್ಲಿಟ್ಟು ನಡೆಯಿಸುವವನು ಯಂತೃ. ಇವರಿಬ್ಬರಲ್ಲಿ ಯಾರು ಯಾರನ್ನು ಹಿಡಿದಿರುವರೆಂಬುದು ಬಂಡಿ ಚೆನ್ನಾಗಿ ಓಡುತ್ತಿರುವಾಗ ತೋರದು; ಕೆಟ್ಟು ನಿಂತಾಗ ತಾನಾಗಿಯೇ ತಿಳಿಯುತ್ತದೆ. ಮೈಸೂರು ರಸ್ತೆಯ ಅಂಚಿನಲ್ಲಿ ಬಾನೆಟ್ಟನ್ನು ಮೇಲೆತ್ತಿ, ಆವಿಯುಗುಳುವ ರೇಡಿಯೇಟರಿನ ಮುಂದೆ ನಿಂತು, ಒಂದು ಬಿಂದಿಗೆ ನೀರಿಗಾಗಿ ಅತ್ತಿತ್ತ ನೋಡುವ ಚಾಲಕನನ್ನು ಕಂಡವರಿಗೆ, ಆ ಗಳಿಗೆಯಲ್ಲಿ ಹಿಡಿತ ಯಾರದೆಂದು ಹೇಳಲು ವ್ಯಾಕರಣದ ನೆರವು ಬೇಕಾಗುವುದಿಲ್ಲ.

ಕುದುರೆಗೂ ಸಾರಥಿಗೂ ನಡುವೆ ಒಂದು ಭಾಷೆಯಿತ್ತು. ಕಿವಿ ನಿಗುರಿದರೆ ಭಯ, ಬಾಯಲ್ಲಿ ನೊರೆ ಬಂದರೆ ಬಳಲಿಕೆ, ಹೆಜ್ಜೆ ತಪ್ಪಿದರೆ ಗೊರಸಿನಲ್ಲಿ ನೋವು. ಇವನ್ನೆಲ್ಲ ಅವನು ಓದಿಕೊಳ್ಳುತ್ತಿದ್ದನು. ಇಂಜಿನ್ನಿಗೆ ಮುಖವಿಲ್ಲ. ಅದರ ಸುಖದುಃಖಗಳು ಕಬ್ಬಿಣದ ಗೋಡೆಯ ಆಚೆಗೆ ನಡೆಯುತ್ತವೆ. ಗಾಜಿನ ಬಿಲ್ಲೆಯೊಳಗೆ ಅಲುಗುವ ಒಂದೆರಡು ಮುಳ್ಳುಗಳಷ್ಟೇ ಅದರ ಮುಖಭಾವ. ಹಳೆಯ ಪಿಕಪ್ ಬಂಡಿಯೊಳಗೆ ಇಂತಹ ಹೆಚ್ಚಿನ ಮೀಟರುಗಳನ್ನು ಎಲ್ಲಿ ಕೂರಿಸಬೇಕೆಂಬ ಪ್ರಶ್ನೆಯು ಮೇಲ್ನೋಟಕ್ಕೆ ಗ್ಯಾರೇಜಿನ ಮಿಸ್ತ್ರಿಗೆ ಮಾತ್ರ ಸೇರಿದ್ದೆಂದು ತೋರಬಹುದು. ವಿಚಾರಮಾಡಿ ನೋಡಿದರೆ, ಮನುಷ್ಯನು ತನಗಿರುವ ಸ್ವಲ್ಪ ನೋಟವನ್ನು ಯಾವುದಕ್ಕೆ ಎಷ್ಟು ವೆಚ್ಚಮಾಡಬೇಕೆಂಬ ದೊಡ್ಡ ಪ್ರಶ್ನೆಯೇ ಅದರೊಳಗೆ ಅಡಗಿದೆ.

ಮೀಟರುಗಳ ಸ್ಥಾನವು ಮೊದಲಿನಿಂದಲೂ ಒಂದೇ ಕಡೆ ನಿಂತದ್ದಲ್ಲ. 1912ರಲ್ಲಿ ಪೇಟೆಂಟು ಪಡೆದ ಬಾಯ್ಸ್ ಮೋಟೋಮೀಟರ್ ಎಂಬ ಉಷ್ಣಮಾಪಕವು ಬಂಡಿಯ ಒಳಗೇ ಇರಲಿಲ್ಲ. ರೇಡಿಯೇಟರಿನ ಮುಚ್ಚಳದ ನೆತ್ತಿಯ ಮೇಲೆ, ಬಂಡಿಯ ಮೂಗಿನ ತುದಿಯಲ್ಲಿ ಕುಳಿತಿರುತ್ತಿತ್ತು. ರಸ್ತೆಯನ್ನು ನೋಡುವ ಕಣ್ಣಿಗೆ ಅದೂ ಜೊತೆಯಲ್ಲಿಯೇ ಕಾಣುತ್ತಿದ್ದುದರಿಂದ ಚಾಲಕನು ಅದಕ್ಕಾಗಿ ತಲೆ ಬಗ್ಗಿಸಬೇಕಾಗಿರಲಿಲ್ಲ. ತರುವಾಯ ಮಾಪಕಗಳು ಒಂದೊಂದಾಗಿ ಒಳಗೆ ಬಂದವು. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿ ವೇಗ, ಪೆಟ್ರೋಲು, ಆಯಿಲಿನ ಒತ್ತಡ, ನೀರಿನ ಬಿಸಿ, ವಿದ್ಯುತ್ತಿನ ಹರಿವು ಎಂಬ ಐದು ಬಿಲ್ಲೆಗಳು ತಗಡಿನ ಹಲಗೆಯ ಮೇಲೆ ಒಟ್ಟಾಗಿ ಕುಳಿತಿದ್ದುವು. ಆಮೇಲಾಮೇಲೆ ಬಂದ ಬಂಡಿಗಳಲ್ಲಿ ಇವುಗಳ ಪೈಕಿ ಕೆಲವನ್ನು ತೆಗೆದು, ಅವುಗಳ ಸ್ಥಾನದಲ್ಲಿ ಕೆಂಪು ದೀಪಗಳನ್ನು ಇಟ್ಟರು. ದೀಪವು ಅಗ್ಗ, ಅದನ್ನು ಓದುವುದಕ್ಕೆ ಯಾವ ವಿದ್ಯೆಯೂ ಬೇಡ.

ಆದರೆ ದೀಪದಲ್ಲಿ ಒಂದು ದೋಷವುಂಟು. ಅದಕ್ಕೆ ಎರಡೇ ಮಾತು ಗೊತ್ತು: ಎಲ್ಲವೂ ಸರಿ, ಇಲ್ಲವೆ ಎಲ್ಲವೂ ಕೆಟ್ಟಿತು. ಕಾದ ಇಂಜಿನ್ನು ಓಡುತ್ತಿರುವಾಗ ಆಯಿಲಿನ ಒತ್ತಡವು ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ ಎರಡರಿಂದ ನಾಲ್ಕು ಕಿಲೋಗ್ರಾಮಿನಷ್ಟು ಇರುತ್ತದೆ. ದೀಪವು ಹೊತ್ತಿಕೊಳ್ಳುವುದು ಅದು ಅರ್ಧ ಕಿಲೋಗ್ರಾಮಿನ ಆಸುಪಾಸಿಗೆ ಇಳಿದ ಮೇಲೆ. ಮೂರರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ತಿಂಗಳುಗಟ್ಟಲೆ ನಡೆದ ಇಳಿತವನ್ನು ಅದು ಯಾರಿಗೂ ತಿಳಿಸುವುದಿಲ್ಲ. ತರ್ಕಸಂಗ್ರಹವನ್ನು ಓದುವ ಬಾಲಕನಿಗೆ ಮೊದಲು ಕಲಿಸುವ ಉದಾಹರಣೆ ಬೆಟ್ಟದ ಮೇಲಿನ ಹೊಗೆಯಷ್ಟೆ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ಒಳ್ಳೆಯ ಅನುಮಾನವೇ ಸರಿ. ಆದರೆ ಬಾನೆಟ್ಟಿನ ಸಂದಿನಿಂದ ಹೊಗೆಯೆದ್ದ ಮೇಲೆ ಬೆಂಕಿಯನ್ನು ಊಹಿಸುವವನಿಗೆ ಅನುಮಾನದಲ್ಲಿ ಪಾಂಡಿತ್ಯ ಬಂದಿತೇ ಹೊರತು ಇಂಜಿನ್ನು ಉಳಿಯಲಿಲ್ಲ. ಮುಳ್ಳುಳ್ಳ ಮೀಟರು ಹೊಗೆಗಿಂತ ಮುಂಚೆ ದೊರೆಯುವ ಲಿಂಗ.

ರಾಜರಾಜೇಶ್ವರಿನಗರದ ಒಬ್ಬ ಗೃಹಸ್ಥನಿಗೆ ಇದರ ಅಗತ್ಯ ಕಂಡದ್ದು ಶಾಸ್ತ್ರದಿಂದಲ್ಲ. ಬೆಳಗಿನ ಜಾವಕ್ಕೆ ಕೃಷ್ಣರಾಜ ಮಾರುಕಟ್ಟೆಗೆ ಹೋಗಿ ತರಕಾರಿ ತುಂಬಿಕೊಂಡು, ಮೈಸೂರು ರಸ್ತೆಯಲ್ಲಿ ನಾಯಂಡಹಳ್ಳಿಯನ್ನು ದಾಟಿ, ಬಡಾವಣೆಯ ಕಮಾನನ್ನು ಹೊಕ್ಕು, ಚನ್ನಸಂದ್ರ ಉತ್ತರಹಳ್ಳಿಗಳವರೆಗೆ ಅಂಗಡಿಗಳಿಗೆ ಹಂಚುವುದು ಅವನ ಕಸುಬು. ಡೀಸೆಲ್ ಪಿಕಪ್ಪಿಗೆ ಹದಿನೆಂಟು ವರ್ಷ. ಅವನಿಗೆ ಅರುವತ್ತರ ಸಮೀಪ. ಇಷ್ಟು ಕಾಲ ಅವನು ಮೀಟರುಗಳನ್ನು ನಂಬಿದವನಲ್ಲ, ಕಿವಿಯನ್ನು ನಂಬಿದವನು. ಫ್ಯಾನ್‌ಬೆಲ್ಟು ಸಡಿಲವಾದರೆ ಎದ್ದ ಕೀರಲು ದನಿ, ಆಯಿಲು ಕಡಿಮೆಯಾದಾಗಿನ ಒಣ ಟಕಟಕ, ಏರಿನಲ್ಲಿ ಇಂಜಿನ್ನು ಏದುಸಿರು ಬಿಡುವ ಬಗೆ, ಇವೆಲ್ಲ ಅವನಿಗೆ ಮನೆಯವರ ದನಿಗಳಂತೆ ಪರಿಚಿತವಾಗಿದ್ದುವು. ಆ ಕಿವಿಗಳು ಈಚೆಗೆ ಮಂದವಾಗತೊಡಗಿದುವು. ಡೀಸೆಲ್ ಇಂಜಿನ್ನಿನ ಪಕ್ಕದಲ್ಲಿ ಮೂವತ್ತು ವರ್ಷ ಕುಳಿತದ್ದರ ತೆರಿಗೆಯನ್ನು ಅವು ತೆರುತ್ತಿದ್ದುವು. ಒಂದು ದಿನ ನೀರಿನ ಕೊಳವೆ ಸೋರಿ, ಪಕ್ಕದಲ್ಲಿ ಕುಳಿತಿದ್ದ ಮಗನು ಸದ್ದು ಕೇಳಿ ಕೂಗಿಕೊಂಡ ಮೇಲೆ, ತಂದೆ ಬಂಡಿಯನ್ನು ನಿಲ್ಲಿಸಿದನು. ಇಂಜಿನ್ನು ಉಳಿಯಿತು. ಮಗ ಪಕ್ಕದಲ್ಲಿ ಇಲ್ಲದಿದ್ದರೆ ಏನಾಗುತ್ತಿತ್ತೆಂಬುದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ. ಹೊಸ ಬಂಡಿಗೆ ಹಣವಿಲ್ಲ, ಹಳೆಯದು ನಿಂತರೆ ಮನೆಯ ಒಲೆಯೂ ನಿಂತಂತೆ. ಆದ್ದರಿಂದ ಆಯಿಲಿನ ಒತ್ತಡಕ್ಕೊಂದು, ನೀರಿನ ಬಿಸಿಗೊಂದು, ಬ್ಯಾಟರಿಯ ವೋಲ್ಟಿಗೊಂದು, ಹೀಗೆ ಮೂರು ಮೀಟರುಗಳನ್ನು ಜಯಚಾಮರಾಜೇಂದ್ರ ರಸ್ತೆಯಿಂದ ಕೊಂಡುತರುವುದೆಂದು ನಿಶ್ಚಯವಾಯಿತು. ಕಿವಿ ಬಿಟ್ಟ ಕೆಲಸವನ್ನು ಕಣ್ಣಿಗೆ ಒಪ್ಪಿಸುವ ಏರ್ಪಾಡು ಅದು.

ಮೀಟರು ಕೊಳ್ಳುವುದು ಸುಲಭ, ಅದಕ್ಕೆ ಜಾಗ ಕೊಡುವುದು ಕಷ್ಟ. ನಮ್ಮ ನಾಡಿನ ಹಳೆಯ ಬಂಡಿಯಲ್ಲಿ ಡ್ಯಾಷ್‌ಬೋರ್ಡು ಎಂಬುದು ಬರಿಯ ಹಲಗೆಯಲ್ಲ, ಅದೊಂದು ಸಂಸಾರ. ನಡುವೆ ದೇವರ ಪಟ, ಅದರ ಮುಂದೆ ಊದುಬತ್ತಿಯ ಗೂಡು, ಆಯುಧಪೂಜೆಯಲ್ಲಿ ಹಾಕಿದ ಹಾರದ ಒಣ ದಾರ. ಎಡಕ್ಕೆ ಕಾಗದಪತ್ರಗಳ ಕಟ್ಟು. ಬಲಕ್ಕೆ ಮೊಬೈಲನ್ನು ಸಿಕ್ಕಿಸುವ ಕೊಕ್ಕೆ. ಮಿಸ್ತ್ರಿಯು ಅಳತೆ ಹಿಡಿದು ನೋಡಿ, “ಅಣ್ಣಾ, ದೇವರನ್ನ ಒಂಚೂರು ಪಕ್ಕಕ್ಕೆ ಸರಿಸಿದರೆ ಮೂರೂ ಸಾಲಾಗಿ ಕೂರ್ತವೆ” ಎಂದನು. “ಅವನಾಗಿ ಸರಿದರೆ ಸರೀಲಿ, ನೀನು ಸರಿಸಬೇಡ” ಎಂದು ಯಜಮಾನನ ಉತ್ತರ.

ಮಗನ ಸಲಹೆ ಬೇರೆ. ಮುಂದಿನ ಗಾಜಿಗೂ ಬಾಗಿಲಿಗೂ ನಡುವಣ ಕಂಬದ ಮೇಲೆ ಮೀಟರುಗಳನ್ನು ಒಂದರ ಮೇಲೊಂದು ಏರಿಸಿ ಕೂರಿಸುವ ಪದ್ಧತಿ ಹಲವು ಕಡೆ ಉಂಟು, ನೋಡುವುದಕ್ಕೂ ಚೆಂದ. “ಅಲ್ಲೇ ಇಡಿಸೋಣ ಅಪ್ಪ, ಕಣ್ಣೆದುರಿಗೇ ಇರುತ್ತೆ” ಎಂದನು. ತಂದೆಯು, “ಕಣ್ಣೆದುರಿಗೆ ಇರಬೇಕಾದ್ದು ರಸ್ತೆ ಕಣೋ” ಎಂದನು. ಈ ಮಾತಿನ ಹಿಂದೆ ಲೆಕ್ಕವೂ ಇದೆ. ಚಾಲಕನ ಕಣ್ಣಿನಿಂದ ಆ ಕಂಬಕ್ಕೆ ಸುಮಾರು 60 ಸೆಂಟಿಮೀಟರು ಅಂತರವೆಂದು ಇಟ್ಟುಕೊಳ್ಳೋಣ. ಮೀಟರಿನ ಗೂಡು ಕಂಬದ ಅಗಲಕ್ಕೆ 6 ಸೆಂಟಿಮೀಟರು ಸೇರಿಸಿದರೆ, 10 ಮೀಟರು ದೂರದಲ್ಲಿ ಕಂಬದ ಮರೆಯು ಇನ್ನೂ ಒಂದು ಮೀಟರು ಬೆಳೆಯುತ್ತದೆ. ಒಂದು ಮೀಟರೆಂದರೆ ಸ್ಕೂಟರಿನ ಅಗಲಕ್ಕೂ ಹೆಚ್ಚು. ಚೀಲ ಹೊತ್ತು ಶಾಲೆಗೆ ಹೊರಟ ಮಗುವನ್ನು ಪೂರ್ತಿಯಾಗಿ ನುಂಗುವಷ್ಟು. ಏರಿಳಿತವೂ ತಿರುವೂ ಹೆಚ್ಚಾಗಿರುವ ಬಡಾವಣೆಯಲ್ಲಿ ಬಲಕ್ಕೆ ಹೊರಳುವಾಗ ಕಣ್ಣು ಹಾಯುವುದು ಆ ಕಂಬದ ಕಡೆಗೇ. ಇಂಜಿನ್ನಿನ ಕ್ಷೇಮಸಮಾಚಾರವನ್ನು ಅಷ್ಟು ಬೆಲೆಗೆ ಕೊಳ್ಳುವುದು ನ್ಯಾಯವಲ್ಲ.

ಹಲಗೆಯ ಕೆಳಗೆ, ಮೊಣಕಾಲಿನ ಬಳಿ ತೂಗುಹಾಕುವುದು ಅಗ್ಗದ ಮಾರ್ಗ. ತಗಡಿಗೆ ತೂತು ಕೊರೆಯುವ ಕೆಲಸವಿಲ್ಲ; ಎರಡು ಬೋಲ್ಟು ಸಾಕು. ಆದರೆ ಅದನ್ನು ಓದುವುದಕ್ಕೆ ತಲೆ ಬಗ್ಗಬೇಕು. ಗಂಟೆಗೆ 40 ಕಿಲೋಮೀಟರಿನಂತೆ ಹೋಗುವ ಬಂಡಿ ಒಂದು ಸೆಕೆಂಡಿಗೆ 11 ಮೀಟರು ಮುಂದೆ ಸರಿಯುತ್ತದೆ. 60 ಕಿಲೋಮೀಟರಿನ ವೇಗವಾದರೆ ಸುಮಾರು 17 ಮೀಟರು. ಕಣ್ಣು ಎರಡು ಸೆಕೆಂಡು ಕೆಳಗಿಳಿದು ಬಂದರೆ ಬಂಡಿಯು ಇಪ್ಪತ್ತೆರಡೋ ಮೂವತ್ಮೂರೋ ಮೀಟರು ಕುರುಡಾಗಿ ಓಡಿರುತ್ತದೆ. ಅಮೆರಿಕದ ರಸ್ತೆಸುರಕ್ಷೆಯ ಇಲಾಖೆಯವರು 2013ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಬಂಡಿಯೊಳಗಿನ ಯಾವ ಉಪಕರಣವೂ ಚಾಲಕನ ಒಂದು ನೋಟವನ್ನು ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿದಿಡಬಾರದೆಂಬ ಅಳತೆಯನ್ನು ಇಟ್ಟುಕೊಂಡರು. ಎರಡು ಸೆಕೆಂಡಿನ ನೋಟವೂ ಉದಾರವಾದದ್ದೇ. ಒಳ್ಳೆಯ ಸ್ಥಾನದಲ್ಲಿರುವ ಮೀಟರಿಗೆ ಅರ್ಧ ಸೆಕೆಂಡು ಸಾಕಾಗಬೇಕು.

ಹಲಗೆಯ ನೆತ್ತಿಯ ಮೇಲೆ ಇಡಬಹುದೆಂದರೆ, ಹಗಲಿನಲ್ಲಿ ಬಿಸಿಲು ಬಿಲ್ಲೆಯ ಮೇಲೆ ನೇರವಾಗಿ ಬಿದ್ದು ಮುಳ್ಳು ಮಾಯವಾಗುತ್ತದೆ. ರಾತ್ರಿಯಲ್ಲಿ ಅದರ ದೀಪವು ಮುಂದಿನ ಗಾಜಿನಲ್ಲಿ ಪ್ರತಿಬಿಂಬಿಸಿ, ಇಲ್ಲದ ಬಂಡಿಯೊಂದು ಎದುರಿಗೆ ಬಂದಂತೆ ಭ್ರಮೆ ಹುಟ್ಟಿಸುತ್ತದೆ. ರೇಡಿಯೋ ಕೂರಿಸಲೆಂದು ಬಿಟ್ಟಿರುವ ಖಾಲಿ ಗೂಡೊಂದು ಉಳಿಯಿತು. ಅದರ ಅಳತೆ 18 ಸೆಂಟಿಮೀಟರು ಅಗಲ, 5 ಸೆಂಟಿಮೀಟರು ಎತ್ತರ. ಸಾಮಾನ್ಯವಾಗಿ ದೊರೆಯುವ ಮೀಟರಿನ ಅಡ್ಡಳತೆ 52 ಮಿಲಿಮೀಟರು. ಎರಡು ಮಿಲಿಮೀಟರಿಗಾಗಿ ಮೂರು ಅತಿಥಿಗಳು ಬಾಗಿಲಿನಲ್ಲಿ ನಿಂತಂತಾಯಿತು. ಗೂಡಿನ ಮುಂದೆ ತೆಳುವಾದ ಫಲಕವೊಂದನ್ನು ಬಿಗಿದು ಈ ತೊಡಕನ್ನು ಬಿಡಿಸಬಹುದು. ಆದರೆ ಗೂಡಿರುವುದು ಬಂಡಿಯ ನಡುಮಧ್ಯದಲ್ಲಿ, ಚಾಲಕನ ಎಡಕ್ಕೆ, ಕೆಳಗೆ.

ಹೀಗೆ ಪಕ್ಷ ಪ್ರತಿಪಕ್ಷಗಳು ನಡೆದು ತೀರ್ಮಾನ ಕಾಣದಿರುವಾಗ, ಮಿಸ್ತ್ರಿಯು ವಿವೇಕದ ಮಾತನ್ನಾಡಿದನು: ಕೊರೆದ ತೂತನ್ನು ಮುಚ್ಚುವ ವಿದ್ಯೆ ತನಗಿಲ್ಲ, ಮೊದಲು ರಟ್ಟಿನ ಬಿಲ್ಲೆಗಳನ್ನು ಅಂಟಿಸಿಕೊಂಡು ಎಂಟು ದಿನ ಓಡಿಸಿ ನೋಡಲಿ ಎಂದನು. ಮಿಠಾಯಿ ಪೆಟ್ಟಿಗೆಯ ರಟ್ಟಿನಿಂದ ಬಿಲ್ಲೆಗಳನ್ನು ಕತ್ತರಿಸಿ, ಕರಿಯ ಮುಳ್ಳು ಬರೆದು, ಯೋಚನೆಗೆ ಬಂದ ಸ್ಥಳಗಳಲ್ಲೆಲ್ಲ ಅಂಟಿಸಿದರು. ಎಂಟು ದಿನಗಳಲ್ಲಿ ರಟ್ಟುಗಳು ಕಲಿಸಿದಷ್ಟನ್ನು ಯಾರ ವಾದವೂ ಕಲಿಸಿರಲಿಲ್ಲ. ಕೆಂಗೇರಿಯ ಕಡೆಗೆ ಹೋಗುವಾಗ ಸಂಜೆಯ ಬಿಸಿಲಿಗೆ ನೆತ್ತಿಯ ಮೇಲಿನ ಬಿಳಿಯ ರಟ್ಟು ಗಾಜಿನ ತುಂಬ ಹರಡಿಕೊಂಡಿತು. ಸ್ಟಿಯರಿಂಗು ಚಕ್ರವು ನೇರವಾಗಿರುವಾಗ ಕಾಣುತ್ತಿದ್ದ ಒಂದು ರಟ್ಟು, ತಿರುವಿನಲ್ಲಿ ಚಕ್ರದ ಕಡ್ಡಿಯ ಹಿಂದೆ ಅಡಗಿತು. ಮೊಣಕಾಲಿನ ಬಳಿಯದನ್ನು ಪರೀಕ್ಷಿಸಿದವಳು ಪಕ್ಕದಲ್ಲಿ ಕುಳಿತು ಉತ್ತರಹಳ್ಳಿಯವರೆಗೆ ಹೋಗಿಬಂದ ಮನೆಯಾಕೆ. “ನೀವು ಕೆಳಗೆ ನೋಡಿದಾಗಲೆಲ್ಲ ಬ್ರೇಕು ತುಳಿಯೋ ಕೆಲಸ ನನ್ನ ಕಾಲಿಗೆ ಬಿತ್ತು” ಎಂದು ಅವಳು ಹೇಳಿದ ಮೇಲೆ ಆ ರಟ್ಟನ್ನು ಕಿತ್ತುಹಾಕಲು ಬೇರೆ ಪ್ರಮಾಣ ಬೇಕಾಗಲಿಲ್ಲ.

ಕೊನೆಗೆ ತಿಳಿದುಬಂದ ಮರ್ಮವೇನೆಂದರೆ, ಮೂರನ್ನೂ ಒಂದೇ ಸಾಲಿನಲ್ಲಿ ಕೂರಿಸಬೇಕೆಂಬ ಹಟವೇ ತೊಡಕಿನ ಮೂಲ. ಮೀಟರಿಗೆ ಸ್ಥಾನವನ್ನು ಕೊಡಬೇಕಾದದ್ದು ಅದು ತರುವ ಸುದ್ದಿಯ ಅವಸರವನ್ನು ನೋಡಿ. ಆಯಿಲಿನ ಒತ್ತಡ ಬಿದ್ದಿತೆಂದರೆ ಇಂಜಿನ್ನಿಗೆ ಉಳಿದಿರುವುದು ಸೆಕೆಂಡುಗಳ ಲೆಕ್ಕ. ನೀರಿನ ಬಿಸಿ ಏರತೊಡಗಿದರೆ ಕೆಲವು ನಿಮಿಷಗಳ ಅವಕಾಶವುಂಟು. ಬ್ಯಾಟರಿಯ ಸುದ್ದಿ ಇನ್ನೂ ನಿಧಾನವಾದದ್ದು. ಇಂಜಿನ್ನು ಓಡುತ್ತಿರುವಾಗ 14ರ ಸಮೀಪದಲ್ಲಿರಬೇಕಾದ ವೋಲ್ಟು ದಿನೇದಿನೇ ಕೆಳಗಿಳಿಯುತ್ತಿದ್ದರೆ, ಬೆಲ್ಟು ಸಡಿಲವಾಗುತ್ತಿದೆಯೆಂದೋ ಡೈನಮೋ ಸೋಲುತ್ತಿದೆಯೆಂದೋ ತಿಳಿದು ಸಂಜೆಗೆ ಮಿಸ್ತ್ರಿಯನ್ನು ಕಂಡರೆ ಆಯಿತು. ಆದ್ದರಿಂದ ಒತ್ತಡದ ಮೀಟರೂ ಬಿಸಿಯ ಮೀಟರೂ ವೇಗದ ಮೀಟರಿನ ಎಡಮಗ್ಗುಲಿಗೆ, ಗಾಜಿನ ಅಂಚಿಗಿಂತ ಸ್ವಲ್ಪವೇ ಕೆಳಗೆ, ಚಾಲಕನ ಮುಖದ ಕಡೆಗೆ ಓರೆಯಾಗಿ ಕುಳಿತವು. ವೋಲ್ಟಿನದು ರೇಡಿಯೋ ಗೂಡಿಗೆ ಹೋಯಿತು. ದೇವರು ಇದ್ದಲ್ಲಿಯೇ ಇದ್ದನು.

ಮೀಟರನ್ನು ಕೂರಿಸುವ ಕೋನದಲ್ಲಿಯೂ ಒಂದು ಉಪಾಯವಿದೆ. ಅಂಕಿಗಳು ಸೊಟ್ಟಗಾದರೂ ಚಿಂತೆಯಿಲ್ಲ. ಎಲ್ಲವೂ ಕ್ಷೇಮವಾಗಿರುವಾಗ ಮುಳ್ಳು ನೆಟ್ಟಗೆ ಮೇಲ್ಮುಖವಾಗಿ ನಿಲ್ಲುವಂತೆ ಬಿಲ್ಲೆಯನ್ನು ತಿರುಗಿಸಿ ಬಿಗಿಯಬೇಕು. ಪಂದ್ಯದ ಕಾರುಗಳಲ್ಲಿ ಈ ಪದ್ಧತಿಯುಂಟು. ಆಗ ಅಂಕಿಗಳನ್ನು ಓದುವ ಕೆಲಸವೇ ಉಳಿಯುವುದಿಲ್ಲ. ಪ್ರಾರ್ಥನೆಗೆ ನಿಂತ ಹುಡುಗರ ಸಾಲಿನಲ್ಲಿ ಒಬ್ಬ ವಾಲಿದರೆ ಉಪಾಧ್ಯಾಯನ ಕಣ್ಣಿಗೆ ತಟ್ಟನೆ ಬೀಳುವಂತೆ, ವಾಲಿದ ಮುಳ್ಳು ಕಣ್ಣಿಗೆ ಬೀಳುತ್ತದೆ. ವಿಮಾನಗಳಲ್ಲಿ ಈ ವಿಚಾರ ಇನ್ನೂ ಗಂಭೀರವಾದದ್ದು. ಬ್ರಿಟಿಷ್ ವಾಯುಪಡೆಯು 1937ರಲ್ಲಿ ಆರು ಮುಖ್ಯ ಮಾಪಕಗಳನ್ನು ಆರಿಸಿ, ಎಲ್ಲ ವಿಮಾನಗಳಲ್ಲಿಯೂ ಒಂದೇ ಕ್ರಮದಲ್ಲಿ ಇಡತೊಡಗಿತು. ಯುದ್ಧವು ಮುಗಿದ ಮೇಲೆ 1947ರಲ್ಲಿ ಅಮೆರಿಕದ ಫಿಟ್ಸ್ ಮತ್ತು ಜೋನ್ಸ್ ಎಂಬ ಮನಶ್ಶಾಸ್ತ್ರಜ್ಞರು ವಿಮಾನಚಾಲಕರು ಮಾಪಕಗಳನ್ನು ತಪ್ಪಾಗಿ ಓದಿದ 270 ಪ್ರಸಂಗಗಳನ್ನು ವಿಂಗಡಿಸಿ ನೋಡಿದರು. ಚಾಲಕನ ಅಜಾಗ್ರತೆಯೆಂದು ಬರೆದಿಟ್ಟ ತಪ್ಪುಗಳಲ್ಲಿ ಎಷ್ಟೋ ಮಾಪಕದ ರಚನೆಯಲ್ಲಿಯೇ ಇದ್ದುವೆಂಬ ತಿಳಿವಳಿಕೆ ಇಂತಹ ಶೋಧನೆಗಳಿಂದ ಬೆಳೆಯಿತು.

ಬಿಲ್ಲೆಯ ಮುಂಭಾಗದಷ್ಟೇ ಹಿಂಭಾಗವೂ ವಿಚಾರಯೋಗ್ಯ. ಫ್ರಾನ್ಸಿನ ಬೂರ್ಡಾನನು 1849ರಲ್ಲಿ ಪೇಟೆಂಟು ಪಡೆದ ಬಾಗಿದ ಕೊಳವೆಯು, ಒತ್ತಡ ಹೆಚ್ಚಿದಂತೆ ನೆಟ್ಟಗಾಗಲು ಹವಣಿಸಿ ಮುಳ್ಳನ್ನು ತಿರುಗಿಸುತ್ತದೆ. ಆ ಬಗೆಯ ಆಯಿಲು ಮೀಟರನ್ನು ಹಾಕಿದರೆ ಕುದಿಯುವಂಥ ಆಯಿಲೇ ಸಣ್ಣ ಕೊಳವೆಯಲ್ಲಿ ಚಾಲಕನ ಮುಂದಿನವರೆಗೆ ಬರುತ್ತದೆ. ಕೊಳವೆ ಒಡೆದರೆ ಅದು ಸುರಿಯುವುದು ಅವನ ಕಾಲಿನ ಮೇಲೆ. ಸೆನ್ಸರನ್ನು ಇಂಜಿನ್ನಿನಲ್ಲಿಯೇ ಬಿಟ್ಟು, ತಂತಿಯನ್ನು ಮಾತ್ರ ಒಳಗೆ ತರುವ ಮೀಟರು ಲೇಸು. ಹಳೆಯ ಆಂಪ್ ಮೀಟರಿನ ಮೂಲಕ ಬಂಡಿಯ ವಿದ್ಯುತ್ತೆಲ್ಲ ಹಾದುಹೋಗಬೇಕಾದ್ದರಿಂದ ಅಲ್ಲಿ ಬೆಂಕಿಯ ಭಯವುಂಟು. ವೋಲ್ಟು ಮೀಟರಿನಲ್ಲಿ ಅದು ಬಹಳ ಕಡಿಮೆ. ತಂತಿಯು ತಗಡನ್ನು ತೂರಿಬರುವಲ್ಲಿ ರಬ್ಬರಿನ ಬಳೆ ಇರಬೇಕು, ಪ್ರತಿಯೊಂದಕ್ಕೂ ಫ್ಯೂಸು ಇರಬೇಕು. ಬಂಡಿಯನ್ನು ಕಾಯಲು ಬಂದ ಮೀಟರೇ ಬಂಡಿಯನ್ನು ಸುಟ್ಟಿತೆಂದರೆ, ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಇಷ್ಟಾದರೂ ಮುಳ್ಳಿನ ಮಾತನ್ನು ವೇದವಾಕ್ಯವೆಂದು ತಿಳಿಯತಕ್ಕದ್ದಲ್ಲ. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿರುವುದರಿಂದ, ತೆರೆದ ಪಾತ್ರೆಯ ನೀರು ಇಲ್ಲಿ 97 ಡಿಗ್ರಿಯ ಹೊತ್ತಿಗೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳವು ಒತ್ತಡವನ್ನು ಹಿಡಿದಿಡುವವರೆಗೆ ಒಳಗಿನ ನೀರು ನೂರನ್ನು ದಾಟಿದರೂ ಕುದಿಯದು. ಮುಚ್ಚಳದ ರಬ್ಬರು ಸವೆದಿದ್ದರೆ, ಮುಳ್ಳು ಇನ್ನೂ ಭಯದ ಗೆರೆಯನ್ನು ಮುಟ್ಟುವ ಮೊದಲೇ ಉಕ್ಕತೊಡಗುತ್ತದೆ. ಇದಕ್ಕಿಂತ ಘೋರವಾದದ್ದು ಇನ್ನೊಂದು. ಕೊಳವೆಯೊಡೆದು ನೀರೆಲ್ಲ ಸುರಿದುಹೋದರೆ, ಸೆನ್ಸರು ನೀರಿನಲ್ಲಿ ಮುಳುಗಿರದೆ ಬರಿಯ ಗಾಳಿಯಲ್ಲಿ ನಿಂತು, ಮುಳ್ಳು ಏರುವುದರ ಬದಲು ಇಳಿಯಬಹುದು. ಮುಳ್ಳು ಕೆಳಗಿದೆ, ಆದ್ದರಿಂದ ಇಂಜಿನ್ನು ತಣ್ಣಗಿದೆ ಎಂದು ಆಗ ಊಹಿಸಿದರೆ, ನೈಯಾಯಿಕರು ಅದನ್ನು ಸವ್ಯಭಿಚಾರವೆಂಬ ಹೇತ್ವಾಭಾಸವೆನ್ನುತ್ತಾರೆ. ಹೇತುವು ಸಾಧ್ಯವಿಲ್ಲದ ಕಡೆಯಲ್ಲಿಯೂ ಕಾಣಿಸಿಕೊಂಡಿದೆ. ಏರಿದ ಮುಳ್ಳಿಗೆ ಹೆದರುವಂತೆಯೇ, ಕಾರಣವಿಲ್ಲದೆ ಇಳಿದ ಮುಳ್ಳಿಗೂ ಹೆದರಬೇಕು. ಬೆಳಿಗ್ಗೆ ಬಾನೆಟ್ಟನ್ನು ತೆರೆದು ನೀರನ್ನೂ ಆಯಿಲನ್ನೂ ಕಣ್ಣಾರೆ ನೋಡುವ ಪ್ರತ್ಯಕ್ಷಪ್ರಮಾಣವನ್ನು ಯಾವ ಮೀಟರೂ ನಿವೃತ್ತಿಗೊಳಿಸಲಾರದು.

ಮೀಟರನ್ನು ಅತಿಯಾಗಿ ನೋಡುವುದರಲ್ಲಿಯೂ ಅಪಾಯವಿದೆ. ಭಾಸ್ಕರಾಚಾರ್ಯನ ಲೀಲಾವತಿಯ ವಿಷಯದಲ್ಲಿ ಒಂದು ಐತಿಹ್ಯವುಂಟು. ಫೈಜಿಯು 1587ರಲ್ಲಿ ಮಾಡಿದ ಪಾರಸಿ ಭಾಷಾಂತರದೊಡನೆ ಅದು ಪ್ರಚಾರಕ್ಕೆ ಬಂದಿತು. ಮಗಳ ಮದುವೆಯ ಮುಹೂರ್ತವನ್ನು ಅಳೆಯಲು ತಂದೆಯು ನೀರಿನಲ್ಲಿ ಘಟಿಕಾಪಾತ್ರೆಯನ್ನು ತೇಲಿಬಿಟ್ಟಿದ್ದನಂತೆ. ಕುತೂಹಲದಿಂದ ಅದರ ಮೇಲೆ ಬಾಗಿ ನೋಡಿದ ಮಗಳ ಒಡವೆಯಿಂದ ಒಂದು ಮುತ್ತು ಜಾರಿ ಪಾತ್ರೆಯೊಳಗೆ ಬಿದ್ದು ರಂಧ್ರವನ್ನು ಮುಚ್ಚಿತಂತೆ. ಪಾತ್ರೆ ಮುಳುಗಲಿಲ್ಲ, ಮುಹೂರ್ತ ಕಳೆದುಹೋಯಿತು. ಕಥೆ ನಿಜವಿರಲಿ ಬಿಡಲಿ, ಮಾಪಕವನ್ನು ಬಗ್ಗಿ ಬಗ್ಗಿ ನೋಡಿದ್ದರಿಂದಲೇ ಅದು ಅಳೆಯಬೇಕಾಗಿದ್ದ ಕಾಲವು ಕೈತಪ್ಪಿತೆಂಬ ಮಾತು ಮೋಟಾರು ನಡೆಯಿಸುವವರಿಗೂ ಒಪ್ಪುವಂಥದು.

ಮುಳ್ಳು ನೆಟ್ಟಗಿರುವವರೆಗೆ ಅದನ್ನು ಮರೆತಿರಲು ಬಿಡುವ ಸ್ಥಾನವೇ ಮೀಟರಿಗೆ ಉತ್ತಮವಾದ ಸ್ಥಾನ. ಅದು ಒಳ್ಳೆಯ ಮನೆಯ ಹಿರಿಯನಂತೆ ಪಡಸಾಲೆಯ ಒಂದು ಮೂಲೆಯಲ್ಲಿ ಸುಮ್ಮನೆ ಕುಳಿತಿರಬೇಕು. ಕೆಮ್ಮಿದರೆ ಮಾತ್ರ ಎಲ್ಲರಿಗೂ ಕೇಳಿಸಬೇಕು. ಇಂಜಿನ್ನಿನ ಆಯಿಲಿಗೊಂದು, ನೀರಿಗೊಂದು, ಬ್ಯಾಟರಿಗೊಂದು ಮೀಟರು ಅಂಗಡಿಯಲ್ಲಿ ದೊರೆಯುತ್ತವೆ. ರಸ್ತೆಯನ್ನು ದಾಟುತ್ತಿರುವವರ ಕ್ಷೇಮವನ್ನು ತಿಳಿಸುವುದಕ್ಕೆ ಚಾಲಕನಲ್ಲಿರುವುದು ಎರಡು ಕಣ್ಣುಗಳು. ಅವಕ್ಕೆ ಅಡ್ಡವಾಗಿ ಏನನ್ನು ಇಡುವುದಾದರೂ ಎರಡು ಸಲ ಯೋಚಿಸತಕ್ಕದ್ದು.